ಕೋಡಿ ಮೊದಲು, ಒಡ್ಡು ಆಮೇಲೆ: ಕೊಪ್ಪಳ ಸೀಮೆಯ ಒಣಬೇಸಾಯದ ಹೊಲಗಳಲ್ಲಿ ಮಣ್ಣು ಉಳಿಸುವ ಕ್ರಮ

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಒಣಬೇಸಾಯದ ಹೊಲಗಳಿಗೆ ವರ್ಷಕ್ಕೆ ಸಿಗುವ ಮಳೆ ಸರಿಸುಮಾರು 500ರಿಂದ 650 ಮಿಲಿಮೀಟರ್. ಮಳೆಯ ಮೊತ್ತಕ್ಕಿಂತಲೂ ಅದು ಸುರಿಯುವ ರೀತಿಯೇ ಈಗ ರೈತರನ್ನು ಹೆಚ್ಚು ಕಾಡುತ್ತಿದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಕೆಲವೇ ದಿನ ಸುರಿದ ಮಳೆ ಉತ್ತರ ಕರ್ನಾಟಕದ ಹಳ್ಳ-ಹೊಲಗಳನ್ನು ಒಂದು ಮಾಡಿತು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ತಿಂಗಳುಗಟ್ಟಲೆ ಒಣಹವೆ, ನಡುವೆ ಒಂದೆರಡು ತಾಸಿನಲ್ಲಿ ಭೂಮಿಯನ್ನೇ ಕೊಚ್ಚುವ ಮಳೆ, ಮತ್ತೆ ಒಣಹವೆ: ಈ ಎರಡೂ ಪೆಟ್ಟುಗಳನ್ನು ಒಂದೇ ಹೊಲ ತಡೆದುಕೊಳ್ಳಬೇಕಾಗಿದೆ.

ಮಣ್ಣು ಕೊಚ್ಚಿಹೋಗುವ ಹಾನಿ ಕಣ್ಣಿಗೆ ತಡವಾಗಿ ಬೀಳುತ್ತದೆ. ಒಂದು ಎಕರೆ ಹೊಲದ ಮೇಲ್ಪದರದಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ಹೋದರೆ ಅದು ಸುಮಾರು 4 ಘನ ಮೀಟರ್, ಅಂದರೆ 5 ಟನ್ ಮಣ್ಣು. ಹೋಗುವುದು ಸಹ ಗೊಬ್ಬರ ಬೆರೆತ, ತೇವ ಹಿಡಿಯುವ, ಎಲ್ಲಕ್ಕಿಂತ ಸಣ್ಣ ಕಣಗಳ ಮಣ್ಣು; ಉಳಿಯುವುದು ಗರಸು ಮತ್ತು ಹರಳು. ಈ ಮಣ್ಣು ಎಲ್ಲಿಗೆ ಹೋಗುತ್ತದೆ ಎನ್ನುವುದಕ್ಕೆ ತುಂಗಭದ್ರಾ ಜಲಾಶಯವೇ ಸಾಕ್ಷಿ. 1953ರಲ್ಲಿ 133 ಟಿಎಂಸಿ ಅಡಿ ನೀರು ಹಿಡಿಯುವಂತೆ ಕಟ್ಟಿದ ಜಲಾಶಯದಲ್ಲಿ ಇಂದು ಸುಮಾರು 105 ಟಿಎಂಸಿ ಅಡಿಗಷ್ಟೇ ಜಾಗವಿದೆ. ಉಳಿದದ್ದನ್ನು ಹೂಳು ನುಂಗಿದೆ, ಆ ಹೂಳು ಮೇಲ್ಭಾಗದ ಯಾರದೋ ಹೊಲಗಳ ಮಣ್ಣು.

ನಮ್ಮ ಭಾಗದಲ್ಲಿ ಒಡ್ಡು ಹಾಕುವುದು ಹೊಸದಲ್ಲ. ಮಣ್ಣು ಮತ್ತು ಜಲ ಸಂರಕ್ಷಣೆಯ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರವೊಂದು ಬಳ್ಳಾರಿಯಲ್ಲಿ 1954ರಿಂದ ಕೆಲಸ ಮಾಡುತ್ತಿದೆ. ಅಜ್ಜಂದಿರ ಕಾಲದ ಕಲ್ಲೊಡ್ಡುಗಳು ಕುಷ್ಟಗಿ, ಲಿಂಗಸುಗೂರು ಕಡೆ ಇಂದಿಗೂ ನಿಂತಿವೆ. ಆದರೂ ಪ್ರತಿ ದೊಡ್ಡ ಮಳೆಯ ಮರುದಿನ ಒಡೆದ ಒಡ್ಡುಗಳು ಕಾಣುತ್ತವೆ. ಅವು ಒಡೆಯುವ ಮುಖ್ಯ ಕಾರಣ ಒಂದೇ ಎಂಬುದು ನನ್ನ ಖಚಿತ ಅಭಿಪ್ರಾಯ: ನೀರನ್ನು ತಡೆಯುವ ಬಗ್ಗೆ ಯೋಚಿಸಿದಷ್ಟು, ಹೆಚ್ಚಾದ ನೀರು ಎಲ್ಲಿಂದ ಹೊರಗೆ ಹೋಗಬೇಕು ಎಂಬುದರ ಬಗ್ಗೆ ಯಾರೂ ಯೋಚಿಸಿರುವುದಿಲ್ಲ. ಮಳೆಯ ಬಿರುಸು ಹೆಚ್ಚಿದಷ್ಟೂ ಈ ತಪ್ಪಿನ ಬೆಲೆ ಹೆಚ್ಚುತ್ತದೆ. ಹಾಗಾಗಿ ಈ ಲೇಖನದಲ್ಲಿ ಒಡ್ಡಿಗಿಂತ ಮುಂಚೆ ಆ ನೀರು ಹೊರಹೋಗುವ ಬಾಯಿಯ, ಅಂದರೆ ಕೋಡಿಯ ವಿಚಾರ ಬರುತ್ತದೆ, ಹೊಲದಲ್ಲಿಯೂ ಕೆಲಸ ಅದೇ ಕ್ರಮದಲ್ಲಿ ನಡೆಯಬೇಕು.

ಹೆಜ್ಜೆ 1: ಮಳೆಯಲ್ಲಿ ಹೊಲ ಸುತ್ತಿ ನೀರಿನ ಜಾಡು ಗುರುತಿಸುವುದು

ಯೋಜನೆ ಶುರುವಾಗಬೇಕಾದದ್ದು ಬೇಸಿಗೆಯಲ್ಲಿ ಅಲ್ಲ, ಅದರ ಹಿಂದಿನ ಮಳೆಗಾಲದಲ್ಲಿ. ಹುಬ್ಬ ಮತ್ತು ಉತ್ತರಾ ಮಳೆಗಳ ಹೊತ್ತಿಗೆ, ಅಂದರೆ ಸೆಪ್ಟೆಂಬರಿನಲ್ಲಿ, ಒಂದು ಜೋರು ಮಳೆ ನಿಂತ ಕೂಡಲೇ, ನೀರು ಇನ್ನೂ ಹರಿಯುತ್ತಿರುವಾಗಲೇ ಹೊಲದ ಮೇಲಿನ ಗಡಿಯಿಂದ ಕೆಳಗಿನ ಗಡಿಯವರೆಗೆ ನಡೆದು ನೋಡಬೇಕು. ಮೇಲಿನ ಹೊಲದ ನೀರು ನಮ್ಮ ಹೊಲಕ್ಕೆ ಎಲ್ಲಿ ಇಳಿಯುತ್ತದೆ, ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ನಿಲ್ಲುತ್ತದೆ, ಕೆಳಗಿನವರ ಹೊಲಕ್ಕೆ ಎಲ್ಲಿ ಬೀಳುತ್ತದೆ ಎಂಬ ನಾಲ್ಕು ಜಾಗಗಳಿಗೆ ಗೂಟ ಬಡಿದರೆ ಅರ್ಧ ಯೋಜನೆ ಸಿದ್ಧವಾದಂತೆ. ಬೇಸಿಗೆಯಲ್ಲಿ ಹರಗಿ ಬಿಟ್ಟ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಇದಾವುದೂ ಕಾಣುವುದಿಲ್ಲ.

ಬಂಡಿ ದಾರಿಯನ್ನು ವಿಶೇಷವಾಗಿ ಗಮನಿಸಿ. ಇಳಿಜಾರಿಗೆ ನೇರವಾಗಿ ಸಾಗುವ ಬಂಡಿ ದಾರಿ, ಟ್ರ್ಯಾಕ್ಟರ್ ಗಾಲಿಯ ಜಾಡು, ದನಗಳು ಹಳ್ಳಕ್ಕೆ ಇಳಿಯುವ ಕಾಲುದಾರಿ ಇವೇ ಮೂರ್ನಾಲ್ಕು ಮಳೆಗಾಲ ಕಳೆಯುವುದರಲ್ಲಿ ಕೊರಕಲಾಗುತ್ತವೆ.

ಹೊಲದ ಮಣ್ಣಿನ ಆಳ, ಇಳಿಜಾರು, ಗುಣದ ಬಗ್ಗೆ ಬರಹದ ಮಾಹಿತಿಯೂ ಸಿಗಬಹುದು. ರಾಜ್ಯದ ಜಲಾನಯನ ಅಭಿವೃದ್ಧಿ ಯೋಜನೆಯಾದ ಸುಜಲ-3ರಡಿ ಕೊಪ್ಪಳ ಜಿಲ್ಲೆಯ ಹಲವು ಕಿರು ಜಲಾನಯನಗಳಲ್ಲಿ ಸರ್ವೆ ನಂಬರುವಾರು ಭೂಸಂಪನ್ಮೂಲ ಸಮೀಕ್ಷೆ ನಡೆದಿದೆ. ನಿಮ್ಮ ಊರು ಅದರಲ್ಲಿ ಸೇರಿದೆಯೇ ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಹೆಜ್ಜೆ 2: ದಿಬ್ಬದಿಂದ ಹಳ್ಳದವರೆಗಿನ ಎಲ್ಲರೂ ಒಟ್ಟಿಗೆ ಕೂರುವುದು

ನೀರಿಗೆ ಪಹಣಿಯ ಗಡಿ ಗೊತ್ತಿಲ್ಲ. ಮೇಲಿನವರು ತಮ್ಮ ಒಡ್ಡಿನ ಬಾಯನ್ನು ತಮಗೆ ಅನುಕೂಲವಾದ ಕಡೆ ತೆರೆದರೆ ಕೆಳಗಿನವರ ಒಡ್ಡು ಎಷ್ಟೇ ಗಟ್ಟಿಯಾಗಿದ್ದರೂ ಉಳಿಯುವುದಿಲ್ಲ. ಅಣ್ಣ-ತಮ್ಮಂದಿರ ಪಾಲುಪಟ್ಟಿಯಲ್ಲಿ ಹೊಲಗಳು ಇಳಿಜಾರಿನ ಉದ್ದಕ್ಕೂ ಸೀಳಿ ಕಿರಿದಾದ ಪಟ್ಟಿಗಳಾಗಿರುವುದು ಈ ಭಾಗದಲ್ಲಿ ಸಾಮಾನ್ಯ. ಅಂಥ ಪಟ್ಟಿಯಲ್ಲಿ ಒಬ್ಬರೇ ಅಡ್ಡ ಒಡ್ಡು ಹಾಕಿದರೆ ನೀರು ಪಕ್ಕದ ಪಟ್ಟಿಗೆ ನುಗ್ಗುತ್ತದೆ, ಜಗಳ ಪಂಚಾಯಿತಿ ಕಟ್ಟೆ ಏರುತ್ತದೆ.

ಆದ್ದರಿಂದ ದಿಬ್ಬದ ನೆತ್ತಿಯಿಂದ ಹಳ್ಳದವರೆಗೆ ಒಂದೇ ನೀರಿನ ಜಾಡಿನಲ್ಲಿರುವ ಹೊಲಗಳ ಒಡೆಯರನ್ನು, ಲಾವಣಿಗೆ (ಗೇಣಿಗೆ) ಮಾಡುತ್ತಿರುವವರನ್ನೂ ಬಿಡದೆ, ಒಂದು ಕಡೆ ಸೇರಿಸಬೇಕು. ಗ್ರಾಮ ನಕ್ಷೆಯ ಮೇಲೆ ನೀರಿನ ಜಾಡನ್ನು ಬರೆದು ಮೂರು ಸಂಗತಿಗಳನ್ನು ತೀರ್ಮಾನಿಸಬೇಕು. ಪ್ರತಿ ಹೊಲದ ಕೋಡಿ ಎಲ್ಲಿರಬೇಕು, ಎಲ್ಲ ಕೋಡಿಗಳ ನೀರನ್ನು ಹಳ್ಳಕ್ಕೆ ಒಯ್ಯುವ ಸಾಮಾನ್ಯ ಕಾಲುವೆ ಯಾವ ಗಡಿಯಗುಂಟ ಹೋಗಬೇಕು, ಆ ಕಾಲುವೆಗೆ ಯಾರು ಎಷ್ಟು ಜಾಗ ಬಿಟ್ಟುಕೊಡಬೇಕು ಎಂಬುದನ್ನು ಮಾತಿನಲ್ಲಿ ಬಿಡದೆ ಕಾಗದದಲ್ಲಿ ಬರೆದು ಎಲ್ಲರೂ ಸಹಿ ಹಾಕಿದರೆ ಮುಂದಿನ ಪೀಳಿಗೆಗೂ ದಾಖಲೆ ಉಳಿಯುತ್ತದೆ.

ಲಾವಣಿದಾರರ ಮಾತು ಇಲ್ಲಿ ಮುಖ್ಯ. ಮುಂದಿನ ವರ್ಷ ಹೊಲ ತನ್ನ ಕೈಯಲ್ಲಿರುತ್ತದೋ ಇಲ್ಲವೋ ಎಂಬ ರೈತ ಒಡ್ಡಿಗೆ ಬೆವರು ಸುರಿಸುವುದಿಲ್ಲ, ಅದು ಅವನ ತಪ್ಪೂ ಅಲ್ಲ. ಒಡ್ಡಿನ ಕೆಲಸ ಮಾಡಿದವನಿಗೆ ಕನಿಷ್ಠ ಮೂರ್ನಾಲ್ಕು ವರ್ಷ ಹೊಲ ಬಿಡಿಸುವುದಿಲ್ಲ ಎಂಬ ಮಾತನ್ನು ಒಡೆಯರು ಇದೇ ಸಭೆಯಲ್ಲಿ ಕೊಡುವುದು ನ್ಯಾಯ.

ಹೆಜ್ಜೆ 3: ಗೌಂಡಿಯ ನೀರಿನ ಪೈಪಿನಿಂದ ಇಳಿಜಾರು ಅಳೆಯುವುದು

ಕಣ್ಣಂದಾಜಿನ ಇಳಿಜಾರು ಎರೆ ಭೂಮಿಯಲ್ಲಿ ಬಹಳ ಮೋಸ ಮಾಡುತ್ತದೆ. ಸಪಾಟಾಗಿ ಕಾಣುವ ಹೊಲದಲ್ಲಿಯೂ ನೂರು ಮೀಟರಿಗೆ ಒಂದು ಮೀಟರ್ ಇಳುಕಲು ಇರುತ್ತದೆ. ಇದನ್ನು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಮನೆ ಕಟ್ಟುವ ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಸಾಕು.

ಸುಮಾರು 25 ಮೀಟರ್ ಉದ್ದದ ಪೈಪು ಮತ್ತು ಸೆಂಟಿಮೀಟರ್ ಗೆರೆ ಹಾಕಿದ ಎರಡು ನೇರ ಕೋಲುಗಳನ್ನು ತೆಗೆದುಕೊಳ್ಳಿ. ಪೈಪಿನಲ್ಲಿ ಬಣ್ಣದ ನೀರು ತುಂಬಿ, ಒಳಗೆ ಒಂದೂ ಗಾಳಿಗುಳ್ಳೆ ಉಳಿಯದಂತೆ ನೋಡಿಕೊಳ್ಳಿ. ಗುಳ್ಳೆ ಇದ್ದರೆ ಅಳತೆಯೆಲ್ಲ ತಪ್ಪುತ್ತದೆ. ಒಬ್ಬರು ಮೇಲೆ, ಇನ್ನೊಬ್ಬರು ಇಳಿಜಾರಿನಗುಂಟ 20 ಮೀಟರ್ ಕೆಳಗೆ ಕೋಲು ನಿಲ್ಲಿಸಿ, ಪೈಪಿನ ತುದಿಗಳನ್ನು ಕೋಲಿಗೆ ಆನಿಸಿ ಹಿಡಿಯಬೇಕು. ನೀರು ಅಲುಗಾಟ ನಿಲ್ಲಿಸಿದ ಮೇಲೆ ಎರಡೂ ಕಡೆಯ ಗೆರೆ ಓದಿ. ಮೇಲಿನ ಕೋಲಿನಲ್ಲಿ ನೀರು 60 ಸೆಂಟಿಮೀಟರಿಗೂ ಕೆಳಗಿನದರಲ್ಲಿ 100 ಸೆಂಟಿಮೀಟರಿಗೂ ನಿಂತಿದ್ದರೆ ವ್ಯತ್ಯಾಸ 40. ಇಪ್ಪತ್ತು ಮೀಟರಿಗೆ 40 ಸೆಂಟಿಮೀಟರ್ ಎಂದರೆ ಶೇಕಡಾ 2ರಷ್ಟು ಇಳಿಜಾರು.

ಇದೇ ಪೈಪಿನಿಂದ ಸಮಪಾತಳಿ ಗೆರೆಯನ್ನೂ, ಅಂದರೆ ಹೊಲದಲ್ಲಿ ಒಂದೇ ಮಟ್ಟದಲ್ಲಿರುವ ಜಾಗಗಳನ್ನು ಕೂಡಿಸುವ ಗೆರೆಯನ್ನೂ ಎಳೆಯಬಹುದು. ಮೊದಲ ಕೋಲು ನಿಂತಲ್ಲೇ ಇರಲಿ, ಎರಡನೆಯವರು ಹೊಲದ ಅಡ್ಡಕ್ಕೆ ಸಾಗಿ ಎರಡೂ ಕೋಲುಗಳ ಅಳತೆ ಒಂದೇ ಆಗುವವರೆಗೆ ಮೇಲೆ ಕೆಳಗೆ ಸರಿಯಲಿ. ಅಳತೆ ಕೂಡಿದಲ್ಲಿ ಗೂಟ. ಹೀಗೆ ಗೂಟದಿಂದ ಗೂಟಕ್ಕೆ ಸಾಗಿ, ಕೊನೆಯಲ್ಲಿ ಸಣ್ಣ ಅಂಕುಡೊಂಕುಗಳನ್ನು ಸರಿಪಡಿಸಿ ಸುಣ್ಣದ ಗೆರೆ ಎಳೆದರೆ ಒಡ್ಡಿನ ದಾರಿ ಸಿದ್ಧ.

ಎರಡು ಒಡ್ಡುಗಳ ನಡುವಿನ ಅಂತರವನ್ನು ಇಳಿಜಾರೇ ನಿರ್ಧರಿಸುತ್ತದೆ. ಕಡಿಮೆ ಮಳೆಯ ಪ್ರದೇಶಕ್ಕೆ ಬಳಸುವ ಸೂತ್ರದ ಪ್ರಕಾರ ಶೇಕಡಾ 1 ಇಳಿಜಾರಿದ್ದರೆ ಸುಮಾರು 70 ಮೀಟರ್, ಶೇಕಡಾ 2ಕ್ಕೆ 40 ಮೀಟರ್, ಶೇಕಡಾ 3ಕ್ಕೆ 30 ಮೀಟರ್ ಅಂತರ ಬರುತ್ತದೆ. ಇದಕ್ಕಿಂತ ದೂರ ಬಿಟ್ಟರೆ ನೀರು ಓಟ ಹಿಡಿದು ಒಡ್ಡಿನವರೆಗಿನ ಮಣ್ಣನ್ನೆಲ್ಲ ಎಳೆದು ತರುತ್ತದೆ.

ಹೆಜ್ಜೆ 4: ಕೋಡಿಯ ಜಾಗ ಮತ್ತು ಅಗಲ ನಿರ್ಧರಿಸುವುದು

ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು ನೀರು. ಹತ್ತು ಎಕರೆಯ ನೀರೆಲ್ಲ ಒಂದೇ ಕೋಡಿಗೆ ಬರುವ ಜಾಗದಲ್ಲಿ, ಗಂಟೆಗೆ 60 ಮಿಲಿಮೀಟರ್ ಬಿರುಸಿನ ಮಳೆ ಹೊಡೆದು ಅದರಲ್ಲಿ ಅರ್ಧ ಹರಿದುಬಂದರೂ ಸೆಕೆಂಡಿಗೆ 330 ಲೀಟರ್ ನೀರು ಆ ಕೋಡಿಯಲ್ಲಿ ದಾಟಬೇಕು. ಕೋಡಿಯ ಮೇಲೆ ಹರಿಯುವ ನೀರಿನ ಎತ್ತರ 20 ಸೆಂಟಿಮೀಟರ್ ಮೀರಬಾರದು ಎಂದಿಟ್ಟುಕೊಂಡರೆ, ಅಷ್ಟು ನೀರು ಸರಾಗವಾಗಿ ಸಾಗಲು ಎರಡೂವರೆ ಮೀಟರ್ ಅಗಲದ ಕೋಡಿ ಬೇಕು. ಹೊಲಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಮಾರು ಅಗಲದ ಬಾಯಿ ಹಳೆಯ ಹದವಾದ ಮಳೆಗೆ ಸಾಕಾಗಿರಬಹುದು, ಈಗಿನ ಮಳೆಗೆ ಸಾಲದು. ಖರ್ಚು ಕಡಿಮೆ ಮಾಡಬೇಕಾದ ಜಾಗ ಇದಲ್ಲ.

ಕೋಡಿ ಇರಬೇಕಾದದ್ದು ನೀರಿನ ಸಹಜ ಜಾಡಿನ ಪಕ್ಕದ ಗಟ್ಟಿ ನೆಲದಲ್ಲಿ. ಹೊಸದಾಗಿ ಏರಿಸಿದ ಮಣ್ಣಿನ ಮೇಲೆ ಕೋಡಿ ಕಟ್ಟಬಾರದು. ನೆಲವನ್ನು ಒಂದು ಅಡಿಯಷ್ಟು ಅಗೆದು, ತಳದಲ್ಲಿ ದೊಡ್ಡ ಕಲ್ಲುಗಳನ್ನು ಹೂತು, ಅವುಗಳ ಸಂದಿಗೆ ಚಿಪ್ಪುಗಲ್ಲು ಬಿಗಿದು, ಎರಡೂ ಬದಿಯಲ್ಲಿ ಒಡ್ಡಿನ ಒಳಕ್ಕೆ ಕನಿಷ್ಠ ಎರಡು ಅಡಿ ಕಲ್ಲು ಹೋಗುವಂತೆ ಕಟ್ಟಬೇಕು. ನೀರು ಕಲ್ಲಿನ ಮೇಲೆ ಹರಿಯುವ ಬದಲು ಪಕ್ಕದ ಮಣ್ಣನ್ನು ಕೊರೆದು ದಾರಿ ಮಾಡಿಕೊಳ್ಳುವುದೇ ಕೋಡಿ ಹಾಳಾಗುವ ಬಗೆ. ನೀರು ಬೀಳುವ ಕೆಳಬದಿಯಲ್ಲಿ ಒಂದೂವರೆ ಎರಡು ಮೀಟರ್ ಉದ್ದಕ್ಕೆ ಕಲ್ಲು ಹಾಸಬೇಕು. ಕೋಡಿಯ ಹೊಸ್ತಿಲು ಹೊಲದ ಮಟ್ಟದಿಂದ 20ರಿಂದ 25 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೆ ಸರಿ. ಶೇಕಡಾ 2 ಇಳಿಜಾರಿನಲ್ಲಿ 25 ಸೆಂಟಿಮೀಟರ್ ಎಂದರೆ ಒಡ್ಡಿನ ಹಿಂದೆ ಹನ್ನೆರಡು ಮೀಟರುಗಳಷ್ಟು ದೂರ ನೀರು ನಿಂತು ಇಂಗುತ್ತದೆ.

ಕೋಡಿಗಳಿಂದ ಹಳ್ಳಕ್ಕೆ ಹೋಗುವ ಸಾಮಾನ್ಯ ಕಾಲುವೆ ಆಳವಾಗಿರದೆ ಅಗಲವಾಗಿರಬೇಕು, ತಳದಲ್ಲಿ ಹುಲ್ಲು ಇರಬೇಕು. ಒಂದು ವರ್ಷ ಮೊದಲೇ ಕರಿಕೆ ಅಥವಾ ಅಂಜನ ಹುಲ್ಲು ಬೆಳೆಸಿದ ಮೇಲೆ ನೀರು ಬಿಟ್ಟರೆ ಕಾಲುವೆಯೇ ಕೊರಕಲಾಗುವ ಭಯವಿಲ್ಲ.

ಹೆಜ್ಜೆ 5: ಮಸಾರಿಗೊಂದು ಒಡ್ಡು, ಎರೆಗೊಂದು ಒಡ್ಡು

ಕುಷ್ಟಗಿ, ಕನಕಗಿರಿ ಕಡೆಯ ಮಸಾರಿ ಹೊಲಕ್ಕೂ ಯಲಬುರ್ಗಾ, ಕುಕನೂರು ಕಡೆಯ ಎರೆ ಹೊಲಕ್ಕೂ ಒಂದೇ ಬಗೆಯ ಒಡ್ಡು ಹೊಂದುವುದಿಲ್ಲ. ಜೆಸಿಬಿ ಬಂದ ಮೇಲೆ ಈ ವ್ಯತ್ಯಾಸವನ್ನೇ ಮರೆತಂತಾಗಿದೆ.

ಮಸಾರಿಯಲ್ಲಿ ನೀರು ಬೇಗ ಇಂಗುತ್ತದೆ. ಅಲ್ಲಿ ಸಮಪಾತಳಿ ಗೆರೆಯ ಮೇಲೆಯೇ ಒಡ್ಡು ಹಾಕಿ ನೀರನ್ನು ನಿಲ್ಲಿಸಬಹುದು. ಸಾಧಾರಣ ಆಳದ ಮಸಾರಿಗೆ ತಳದಲ್ಲಿ ಒಂದೂವರೆ ಮೀಟರ್, ತಲೆಯಲ್ಲಿ 30 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರದ ಒಡ್ಡು ರೂಢಿಯಲ್ಲಿರುವ ಅಳತೆ. ಹಸಿ ಮಣ್ಣು ಕೂರುವುದರಿಂದ ಹಾಕುವಾಗ ಎಂಟು ಹತ್ತು ಸೆಂಟಿಮೀಟರ್ ಹೆಚ್ಚಿಗೆ ಏರಿಸಬೇಕು. ಮಣ್ಣನ್ನು ಒಮ್ಮೆಲೇ ಗುಡ್ಡೆ ಹಾಕದೆ ಅರ್ಧ ಅಡಿಯ ಪದರಗಳಾಗಿ ಹಾಕಿ, ಹೆಂಟೆ ಒಡೆದು, ತುಳಿದು ಗಟ್ಟಿ ಮಾಡಬೇಕು. ಒಡ್ಡು ಕೂರುವ ನೆಲದ ಮೇಲಿನ ಕಸ, ಬೇರು, ಹುಲ್ಲನ್ನು ಮೊದಲೇ ಕಿತ್ತು ನೆಲವನ್ನು ಕೆದಕಿದ್ದರೆ ಹಳೆಯ ಮಣ್ಣಿಗೂ ಹೊಸ ಮಣ್ಣಿಗೂ ಬೆಸುಗೆ ಬೀಳುತ್ತದೆ. ಮಣ್ಣು ತೆಗೆಯುವ ಗುಂಡಿಗಳು ಒಡ್ಡಿನ ಮೇಲ್ಬದಿಯಲ್ಲಿರಲಿ, ಒಡ್ಡಿನ ಬುಡದಿಂದ ಒಂದಡಿಯಾದರೂ ದೂರವಿರಲಿ, ಒಂದೇ ಉದ್ದ ಕಾಲುವೆಯಾಗದಂತೆ ನಡುನಡುವೆ ಅಗೆಯದ ಜಾಗ ಬಿಡಿ. ಹಾಗೆ ಬಿಟ್ಟರೆ ಪ್ರತಿ ಗುಂಡಿಯೂ ತನ್ನ ನೀರನ್ನು ತಾನೇ ಹಿಡಿದುಕೊಳ್ಳುತ್ತದೆ.

ಎರೆಯ ಗುಣ ಬೇರೆ. ಒಮ್ಮೆ ನೆನೆದು ಉಬ್ಬಿದ ಮೇಲೆ ಅದು ನೀರನ್ನು ಬಹಳ ನಿಧಾನವಾಗಿ ಇಂಗಿಸುತ್ತದೆ, ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆಳವಾದ ಎರೆಯಲ್ಲಿ ಸಮಪಾತಳಿ ಒಡ್ಡು ಹಾಕಿದರೆ ಹಿಂದೆ ನಿಂತ ನೀರಿನಲ್ಲಿ ಬೆಳೆ ಕೊಳೆಯುತ್ತದೆ, ಬೇಸಿಗೆಯ ಬಿರುಕಿನ ಮೂಲಕ ನೀರು ನುಗ್ಗಿ ಒಡ್ಡೇ ಒಡೆಯುತ್ತದೆ. ಅಲ್ಲಿ ಬೇಕಾದದ್ದು ಕೋಡಿಯ ಕಡೆಗೆ ನೀರನ್ನು ಮೆಲ್ಲಗೆ ನಡೆಸುವ ಇಳುಕಲು ಒಡ್ಡು. ನೂರು ಮೀಟರ್ ಉದ್ದಕ್ಕೆ 10ರಿಂದ 30 ಸೆಂಟಿಮೀಟರ್ ಇಳುಕಲು ಸಾಕು. ಪೈಪಿನಿಂದ ಗುರುತು ಹಾಕುವಾಗ ಪ್ರತಿ 20 ಮೀಟರಿಗೆ 4 ಸೆಂಟಿಮೀಟರ್ ಇಳಿಸುತ್ತ ಹೋದರೆ ಈ ಮಿತಿಯೊಳಗೇ ಇರುತ್ತದೆ. ಒಡ್ಡಿನ ಬದಿಗಳ ಇಳಿಜಾರು ಮಸಾರಿಗಿಂತ ಚಪ್ಪಟೆಯಾಗಿರಬೇಕು, ತಳ ಅಗಲವಾಗಿರಬೇಕು. ರೋಹಿಣಿ ಮಳೆಗೆ ಮುಂಚೆ ಬಿರುಕುಗಳಿಗೆ ಮಣ್ಣು ತುಂಬಿ ತುಳಿಯುವ ಕೆಲಸವನ್ನು ಪ್ರತಿ ವರ್ಷವೂ ಮಾಡಲೇಬೇಕು.

ಜಾಗ ಹಾಳಾಗುತ್ತದೆ ಎಂಬ ಆಕ್ಷೇಪ ಎಲ್ಲ ಕಡೆ ಬರುತ್ತದೆ. ನಲವತ್ತು ಮೀಟರಿಗೊಂದು ಒಡ್ಡು ಹಾಕಿದರೆ ಹೋಗುವ ಜಾಗ ನೂರಕ್ಕೆ ನಾಲ್ಕು ಪಾಲಿಗೂ ಕಡಿಮೆ. ಅದರ ಮೇಲೆ ಮೇವು ಬೆಳೆದರೆ ಆ ನಾಲ್ಕು ಪಾಲೂ ವ್ಯರ್ಥವಲ್ಲ.

ಕೆಲಸ ಎಂದಿಗೂ ಮೇಲಿನಿಂದ ಕೆಳಕ್ಕೆ ಸಾಗಬೇಕು. ಕೆಳಗಿನ ಒಡ್ಡು ಮುಗಿದು ಮೇಲಿನದು ಅರ್ಧ ಉಳಿದಿರುವಾಗ ಮಳೆ ಬಂದರೆ ಕೆಳಗಿನದೂ ಹೋಗುತ್ತದೆ.

ಹೆಜ್ಜೆ 6: ಎರಡು ಒಡ್ಡುಗಳ ನಡುವಿನ ನೆಲ

ಒಡ್ಡು ನೀರಿನ ಓಟವನ್ನು ನಿಲ್ಲಿಸುತ್ತದೆ, ಮಳೆಹನಿಯ ಹೊಡೆತವನ್ನು ನಿಲ್ಲಿಸುವುದಿಲ್ಲ. ಮಣ್ಣಿನ ಕಣಗಳನ್ನು ಮೊದಲು ಬಿಡಿಸುವುದು ಬರಿ ನೆಲದ ಮೇಲೆ ಬೀಳುವ ಹನಿ. ನಮ್ಮ ಎರೆ ಹೊಲಗಳ ದೊಡ್ಡ ದೌರ್ಬಲ್ಯ ಇಲ್ಲೇ ಇದೆ. ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆಗಾಗಿ ಹೊಲವನ್ನು ಮುಂಗಾರಿನಲ್ಲಿ ಬೀಳು ಬಿಟ್ಟು, ಕಸ ಏಳದಂತೆ ಮತ್ತೆ ಮತ್ತೆ ಹರಗಿ, ಸೆಪ್ಟೆಂಬರಿನ ಅತಿ ಜೋರು ಮಳೆಗಳಿಗೆ ನುಣ್ಣನೆಯ ಬರಿ ಮಣ್ಣನ್ನೇ ಒಡ್ಡುತ್ತೇವೆ.

ಇದಕ್ಕೆ ಈ ಭಾಗದಲ್ಲಿ ಚೆನ್ನಾಗಿ ಒಗ್ಗಿದ ಉಪಾಯ ಚೌಕು ಮಡಿ. ಜೂನ್-ಜುಲೈನಲ್ಲಿ ಒಮ್ಮೆ ಹರಗಿದ ಮೇಲೆ, ಎತ್ತಿನಿಂದ ಅಥವಾ ಟ್ರ್ಯಾಕ್ಟರಿನಿಂದ ಎಳೆಯುವ ಮಡಿ ಕಟ್ಟುವ ಸಾಧನದಿಂದ ಹೊಲದ ಉದ್ದಕ್ಕೂ ಅಡ್ಡಕ್ಕೂ ಸುಮಾರು ಅರ್ಧ ಅಡಿ ಎತ್ತರದ ಸಣ್ಣ ಬದುಗಳನ್ನು ಹಾಕಬೇಕು. ಇಳಿಜಾರು ಕಡಿಮೆ ಇದ್ದಲ್ಲಿ ನಾಲ್ಕೂವರೆ ಮೀಟರ್ ಚೌಕ, ಹೆಚ್ಚಿದ್ದಲ್ಲಿ ಮೂರು ಮೀಟರ್ ಚೌಕ. ಮೂರು ಮೀಟರಿನ ಒಂದು ಮಡಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು 225 ಲೀಟರ್, ಅಷ್ಟೂ ನೀರು ಬಿದ್ದಲ್ಲೇ ನಿಂತು ಇಂಗುತ್ತದೆ. ಒಂದು ದೊಡ್ಡ ಒಡ್ಡಿನ ಮೇಲೆ ಬೀಳುವ ಭಾರವನ್ನು ನೂರಾರು ಮಡಿಗಳು ಹಂಚಿಕೊಳ್ಳುತ್ತವೆ. ಉತ್ತರಾ ಮಳೆಯ ನಂತರ ಬಿತ್ತನೆಗೆ ಹದವಾದಾಗ ಕೂರಿಗೆಯನ್ನು ಅದರ ಮೇಲೆಯೇ ಇಳಿಜಾರಿಗೆ ಅಡ್ಡಲಾಗಿ ಹೊಡೆಯಬಹುದು. ಕೈಯಲ್ಲಿರುವ ಹಣ ಒಂದೇ ಕೆಲಸಕ್ಕೆ ಸಾಕಾಗುವಂತಿದ್ದರೆ ಎರೆ ಹೊಲದವರು ಇದನ್ನೇ ಮೊದಲು ಮಾಡಲಿ ಎಂದು ನಾನು ಹೇಳುತ್ತೇನೆ.

ಮುಂಗಾರಿನಲ್ಲಿ ಒಳ್ಳೆಯ ಹದ ಸಿಕ್ಕ ವರ್ಷ ಎರಡು ತಿಂಗಳ ಹೆಸರು ಬೆಳೆ ತೆಗೆದು ನಂತರ ಜೋಳ ಬಿತ್ತುವವರಿದ್ದಾರೆ. ನೆಲಕ್ಕೆ ಹೊದಿಕೆ ಸಿಗುತ್ತದೆ, ಕೈಗೆ ಕಾಸೂ ಬರುತ್ತದೆ. ಆದರೆ ಜುಲೈ-ಆಗಸ್ಟಿನ ಮಳೆ ಕೈಕೊಟ್ಟರೆ ಹಿಂಗಾರಿಗೆ ಕೂಡಿಡಬೇಕಾದ ತೇವವನ್ನು ಹೆಸರೇ ಕುಡಿದಿರುತ್ತದೆ. ಆಳ ಕಡಿಮೆ ಇರುವ ಎರೆಯಲ್ಲಿ ಅದರ ಬದಲು ಸೆಣಬು ಅಥವಾ ಅಲಸಂದೆ ಬಿತ್ತಿ, ನಲವತ್ತು ನಲವತ್ತೈದು ದಿನಕ್ಕೆ ಕೊಯ್ದು ನೆಲದ ಮೇಲೆ ಹರಡುವುದು ಸುರಕ್ಷಿತ.

ಮಸಾರಿಯಲ್ಲಿ ಮಳೆಯ ಹೊಡೆತಕ್ಕೆ ಮೇಲ್ಪದರ ಹೆಪ್ಪುಗಟ್ಟಿ ನೀರು ಇಂಗದಂತಾಗುತ್ತದೆ. ಎಡೆಕುಂಟೆ ಹೊಡೆದು ಆ ಹೆಪ್ಪನ್ನು ಒಡೆಯುವುದು, ತೊಗರಿ ಸಾಲುಗಳ ನಡುವೆ ಬಿತ್ತನೆಯಾದ ತಿಂಗಳೊಳಗೆ ಆಳವಾದ ಸಾಲು ಬಿಡುವುದು, ಸಜ್ಜೆ-ತೊಗರಿಯ ಪಟ್ಟಿಗಳ ನಡುವೆ ನೆಲ ಮುಚ್ಚುವ ಶೇಂಗಾ, ಹುರುಳಿ ಅಥವಾ ಮಡಿಕೆ ಕಾಳಿನ ಪಟ್ಟಿ ಹಾಕುವುದು ಇವೆಲ್ಲ ಬಿಡಿಗಾಸಿನ ಖರ್ಚಿಲ್ಲದೆ ಆಗುವ ಕೆಲಸಗಳು. ಕೆರೆಯ ಹೂಳು ಸಿಕ್ಕರೆ ಮಸಾರಿಗೆ ಅದು ದೊಡ್ಡ ಆಸರೆ. ಹೊರುವ ಮುಂಚೆ ಹೂಳಿನಲ್ಲಿ ಉಪ್ಪಿನಂಶ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ.

ಯಲಬುರ್ಗಾ, ಕುಕನೂರು ಮತ್ತು ನೆರೆಯ ಗದಗ ಸೀಮೆಯ ಕೆಲವು ರೈತರು ಎರೆ ಹೊಲಕ್ಕೆ ಹಳ್ಳದ ಉಸುಕು ಹರಡುವ ಪದ್ಧತಿಯನ್ನು ಉಳಿಸಿಕೊಂಡಿದ್ದಾರೆ. ಉಸುಕಿನ ಹೊದಿಕೆ ಹನಿಯ ಹೊಡೆತ ತಡೆಯುತ್ತದೆ, ನೀರನ್ನು ಒಳಗಿಳಿಸುತ್ತದೆ, ತೇವ ಆರದಂತೆ ಕಾಯುತ್ತದೆ. ಉಪಾಯ ಉತ್ತಮವಾದರೂ ಇಂದು ಹಳ್ಳಗಳಲ್ಲಿ ಉಸುಕೇ ಉಳಿದಿಲ್ಲ, ಅದನ್ನು ತೆಗೆಯಲು ಕಾನೂನಿನ ನಿರ್ಬಂಧಗಳೂ ಇವೆ. ಆದ್ದರಿಂದ ಹೊಸಬರಿಗೆ ಇದನ್ನು ಸಲಹೆ ಮಾಡಲಾರೆ. ಹೊದಿಕೆ ಈಗಾಗಲೇ ಇದ್ದವರು ಆಳವಾಗಿ ಉತ್ತು ಅದನ್ನು ಮಣ್ಣಿನೊಳಗೆ ಸೇರಿಸದಿರಲಿ.

ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಗಳಿಗೆ ಬೆಂಕಿ ಹಚ್ಚುವುದನ್ನು ನಿಲ್ಲಿಸಬೇಕು. ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಕ್ಕರೆ ಪುಡಿ ಮಾಡಿ ಹರಡಿ, ಸಿಗದಿದ್ದರೆ ಇಳಿಜಾರಿಗೆ ಅಡ್ಡಲಾಗಿ ಸಾಲುಗಟ್ಟಿ ಒಟ್ಟಿದರೂ ಆ ಸಾಲಿನ ಹಿಂದೆ ಮಣ್ಣು ನಿಲ್ಲುತ್ತದೆ.

ಹೆಜ್ಜೆ 7: ಒಡ್ಡಿನ ಮೇಲೆ ಹಸಿರು

ಹೊಸ ಒಡ್ಡನ್ನು ಮೊದಲ ಮಳೆಗಾಲದಲ್ಲಿ ಕಾಯುವುದು ಬೇರು. ಮೇವಿಗೆ ಅಂಜನ ಹುಲ್ಲು ಮತ್ತು ಸ್ಟೈಲೋ, ಬಿಗಿಯಾದ ತಡೆಗೆ ಲಾವಂಚ ಈ ಹವೆಗೆ ಒಗ್ಗುತ್ತವೆ. ಲಾವಂಚದ ಕಂತೆಗಳನ್ನು ಒಡ್ಡಿನ ಮೇಲ್ಬದಿಯ ಬುಡದಲ್ಲಿ ಅರ್ಧ ಅಡಿಗೊಂದರಂತೆ ಸಂದಿಯಿಲ್ಲದೆ ನೆಡಬೇಕು. ಒಂದು ಕಂತೆ ಒಣಗಿ ಸಂದಿ ಬಿದ್ದರೆ ನೀರು ಅಲ್ಲಿಂದಲೇ ನುಗ್ಗುವುದರಿಂದ ಮೊದಲ ವರ್ಷ ಸತ್ತ ಕಂತೆಗಳ ಜಾಗ ತುಂಬುವುದು ಅಗತ್ಯ. ಸಸಿ ಮತ್ತು ಹುಲ್ಲಿನ ಬೀಜ ಬೆಳೆಸುವ ಕೆಲಸವನ್ನು ಊರಿನ ಮಹಿಳಾ ಸ್ವಸಹಾಯ ಸಂಘ ವಹಿಸಿಕೊಂಡರೆ ಅವರಿಗೆ ಆದಾಯ, ರೈತರಿಗೆ ಹತ್ತಿರದಲ್ಲೇ ಸಸಿ.

ಬೇವು, ಹೊಂಗೆ, ಬಾರೆ, ಗ್ಲಿರಿಸಿಡಿಯಾ ಒಡ್ಡಿನ ಕೆಳಬದಿಗೆ ಹೊಂದುತ್ತವೆ. ಬಳ್ಳಾರಿ ಜಾಲಿಯನ್ನು ಮಾತ್ರ ಒಡ್ಡಿಗೆ ಬಿಡಬೇಡಿ. ಮಣ್ಣು ಹಿಡಿಯುತ್ತದೆ ಎಂದು ಬಿಟ್ಟವರ ಹೊಲದಲ್ಲಿ ಅದು ಒಡ್ಡನ್ನು ದಾಟಿ ಒಳಕ್ಕೆ ಹಬ್ಬುತ್ತದೆ, ಆಮೇಲೆ ಬುಡ ಸಮೇತ ತೆಗೆಸುವ ಖರ್ಚು ಒಡ್ಡು ಹಾಕಿದ ಖರ್ಚನ್ನೂ ಮೀರುತ್ತದೆ.

ಸುಗ್ಗಿಯ ನಂತರ ಹೊಲಗಳು ಎಲ್ಲರ ದನ-ಕುರಿಗೆ ತೆರೆದುಕೊಳ್ಳುವುದು ಊರಿನ ರೂಢಿ. ಹೊಲದಲ್ಲಿ ಕುರಿ ಹಿಂಡು ನಿಲ್ಲಿಸುವುದರಿಂದ ಗೊಬ್ಬರ ಸಿಗುವುದು ನಿಜ, ಕುರಿಗಾಹಿಗಳನ್ನು ದೂರ ಇಡುವುದು ಸಲ್ಲ. ಎಳೆಯ ಹುಲ್ಲಿರುವ ಒಡ್ಡುಗಳನ್ನು ಎರಡು ವರ್ಷ ಮೇಯಿಸಬಾರದೆಂದು ಅವರನ್ನೂ ಕೂರಿಸಿಕೊಂಡು ಮಾತಾಡಿದರೆ ಸಾಕು.

ಹೆಜ್ಜೆ 8: ಕೊರಕಲು ಬಿದ್ದಲ್ಲಿ

ಆಗಲೇ ಕೊರಕಲು ಬಿದ್ದಿದ್ದರೆ ಅದರ ಬಾಯಿಗಿಂತ ಮೊದಲು ತಲೆಯನ್ನು ಕಟ್ಟಬೇಕು. ಕೊರಕಲು ಬೆಳೆಯುವುದು ಮೇಲ್ಮುಖವಾಗಿ. ನೀರು ಧುಮುಕುವ ಆ ತುದಿಯನ್ನು ಇಳಿಜಾರಾಗಿ ಕತ್ತರಿಸಿ ಕಲ್ಲು ಹಾಸಬೇಕು, ಸಾಧ್ಯವಾದರೆ ಮೇಲಿನ ನೀರನ್ನೇ ಬೇರೆಡೆ ತಿರುಗಿಸಬೇಕು. ನಂತರ ಕೊರಕಲಿನ ಉದ್ದಕ್ಕೂ ಒಣಕಲ್ಲಿನ ಸಣ್ಣ ತಡೆಗಳನ್ನು ಕಟ್ಟಬೇಕು. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವಂತೆ ಅಂತರ ಇಡುವುದು, ನಡುಭಾಗ ಬದಿಗಳಿಗಿಂತ ತಗ್ಗಾಗಿರುವಂತೆ ಕಟ್ಟುವುದು, ಎರಡೂ ದಂಡೆಗಳ ಒಳಕ್ಕೆ ಕಲ್ಲು ಹೂಳುವುದು ಈ ಮೂರನ್ನು ಪಾಲಿಸಿದ ತಡೆ ನಿಲ್ಲುತ್ತದೆ. ಬಂಡಿ ದಾರಿಗೆ ಅಲ್ಲಲ್ಲಿ ಓರೆಯಾಗಿ ಕಲ್ಲಿನ ಉಬ್ಬು ಹಾಕಿದರೆ ಅದರ ನೀರು ಪಕ್ಕಕ್ಕೆ ಸರಿಯುತ್ತದೆ.

ಹೊಂಡ, ಅನುದಾನ, ಕಾಗದಪತ್ರ

ಇಳುಕಲು ಒಡ್ಡಿನ ಕೋಡಿಯ ಮುಂದೆ ಕೃಷಿ ಹೊಂಡವಿದ್ದರೆ ಹರಿದುಹೋಗುವ ನೀರು ಬರಗಾಲದ ಒಂದು ತೇವವಾಗಿ ಉಳಿಯುತ್ತದೆ. ಮಸಾರಿಯಲ್ಲಿ ಹೊಂಡಕ್ಕೆ ಪಾಲಿಥೀನ್ ಹೊದಿಕೆ ಬೇಕು, ಎರೆಯಲ್ಲಿ ಸಾಮಾನ್ಯವಾಗಿ ಬೇಕಿಲ್ಲ. ನೀರು ಒಳಬರುವ ದಾರಿಯಲ್ಲಿ ಹೂಳು ನಿಲ್ಲಲು ಸಣ್ಣ ಗುಂಡಿ, ಸುತ್ತಲೂ ಮಕ್ಕಳು ಮತ್ತು ದನಗಳು ಬೀಳದಂತೆ ಬೇಲಿ, ಇವೆರಡು ಇಲ್ಲದ ಹೊಂಡ ತೆಗೆಸಬೇಡಿ.

2014-15ರಲ್ಲಿ ಆರಂಭವಾದ ರಾಜ್ಯದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡಕ್ಕೆ ಸಹಾಯಧನ ಕೊಡಲಾಗಿದೆ; ಹೊಲದ ಬದು, ಹೊಂಡ, ಕೊರಕಲು ತಡೆಗಳು ಗ್ರಾಮೀಣ ಉದ್ಯೋಗ ಖಾತ್ರಿಯ ಕಾಮಗಾರಿಗಳಲ್ಲಿ ಬಹುಕಾಲದಿಂದ ಸೇರಿವೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳೊಂದಿಗೆ ಒಬ್ಬೊಬ್ಬರೇ ಅರ್ಜಿ ಕೊಡುವುದಕ್ಕಿಂತ, ಎರಡನೆಯ ಹೆಜ್ಜೆಯಲ್ಲಿ ಸಹಿ ಹಾಕಿದ ನಕ್ಷೆಯನ್ನು ಲಗತ್ತಿಸಿ ಒಂದೇ ಜಾಡಿನ ಎಲ್ಲ ಹೊಲಗಳ ಕೆಲಸವನ್ನು ಒಟ್ಟಿಗೆ ಕ್ರಿಯಾಯೋಜನೆಗೆ ಸೇರಿಸುವಂತೆ ಗ್ರಾಮಸಭೆಯಲ್ಲಿ ಕೇಳಿ. ತಾಂತ್ರಿಕ ಸಂದೇಹಗಳಿಗೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಗಂಗಾವತಿ ಮತ್ತು ಹಗರಿಯ ಕೃಷಿ ವಿಜ್ಞಾನ ಕೇಂದ್ರಗಳನ್ನು ಕೇಳಬಹುದು.

ಹೆಜ್ಜೆ 9: ಉಳಿದದ್ದನ್ನು ಅಳೆಯುವುದು, ಒಡೆದದ್ದನ್ನು ಸರಿಪಡಿಸುವುದು

ಮೊದಲ ಮಳೆಗಾಲದಲ್ಲಿ ಪ್ರತಿ ಜೋರು ಮಳೆಯ ನಂತರವೂ ಒಡ್ಡಿನ ಮೇಲೆ ನಡೆಯಬೇಕು. ಇಲಿ ಬಿಲ, ಕುಸಿದ ತಲೆ, ಕೋಡಿಯ ಪಕ್ಕದ ಸವಕಳಿ ಈ ಮೂರನ್ನು ಅಂದೇ ಒಂದು ಬುಟ್ಟಿ ಮಣ್ಣಿನಿಂದ ಮುಚ್ಚಬಹುದು. ಮುಂದಿನ ಮಳೆಯವರೆಗೆ ಬಿಟ್ಟರೆ ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ.

ಕೆಲಸ ಫಲ ಕೊಡುತ್ತಿದೆಯೇ ಎಂದು ತಿಳಿಯಲು ಎರಡು ಸರಳ ಅಳತೆಗಳಿವೆ. ಒಡ್ಡುಗಳ ನಡುವೆ, ಕುಂಟೆ ತಾಗದ ಜಾಗಗಳಲ್ಲಿ ಕಬ್ಬಿಣದ ಸರಳುಗಳನ್ನು ನೆಲದ ಮಟ್ಟದಲ್ಲಿ ಗುರುತು ಹಾಕಿ ನೆಟ್ಟರೆ, ಸುಗ್ಗಿಯ ಹೊತ್ತಿಗೆ ಗುರುತು ಎಷ್ಟು ಮೇಲೆ ಕಾಣುತ್ತದೋ ಅಷ್ಟು ಮಿಲಿಮೀಟರ್ ಮಣ್ಣು ಹೋಗಿದೆ ಎಂದರ್ಥ. ಎರಡನೆಯದು, ಒಂದೇ ಮಳೆಯಲ್ಲಿ ಒಡ್ಡು ಹಾಕಿದ ಹೊಲದ ಕೋಡಿಯಿಂದಲೂ ಒಡ್ಡಿಲ್ಲದ ಪಕ್ಕದ ಹೊಲದ ಗಡಿಯಿಂದಲೂ ಹರಿಯುವ ನೀರನ್ನು ಒಂದೊಂದು ಲೀಟರ್ ಬಾಟಲಿಯಲ್ಲಿ ಹಿಡಿದಿಟ್ಟು, ಎರಡು ದಿನ ಅಲುಗಿಸದೆ ಬಿಟ್ಟು, ತಳದಲ್ಲಿ ಕೂತ ಮಣ್ಣಿನ ದಪ್ಪ ಹೋಲಿಸುವುದು. ಸಣ್ಣ ಎರೆಕಣ ಕೂರಲು ಹೊತ್ತು ಹಿಡಿಯುತ್ತದೆ, ಅವಸರ ಮಾಡಬಾರದು. ಬಾಟಲಿಯ ಮೇಲೆ ಸರ್ವೆ ನಂಬರು, ಮಳೆಯ ತಾರೀಖು ಬರೆದು ಗ್ರಾಮಸಭೆಗೆ ಒಯ್ದರೆ, ಒಡ್ಡಿಗೆ ಒಪ್ಪದಿದ್ದ ನೆರೆಯವರೊಡನೆ ಮಾತು ಶುರು ಮಾಡಲು ಅಷ್ಟು ಸಾಕು.